ಇದ್ದೀರಾ? ಇದ್ದೀನಿ!

ಕಣ್ಣಿಗೆ ಡೀಸೆಲ್ ಬಿಟ್ಟುಕೊಂಡು ಕಾಯಬೇಕು. ಎಣ್ಣೆ ಬಿಟ್ಟುಕೊಂಡು ಕಾಯುವುದೆಲ್ಲ ಹಾಯಿದೋಣಿಯ ಕಾಲದ ಮಾತು. ದೋಣಿಗೆ ಇಂಜಿನ್ ಬಂದ ಮೇಲೆ ನುಡಿಗಟ್ಟಿಗೂ ಇಂಧನ ಬದಲಾಗಬೇಡವೇ? ಆದರೆ ಯಾವುದನ್ನು ಬಿಟ್ಟುಕೊಂಡರೂ ತೆರೆದಿರಲು ಒಪ್ಪದ ಎರಡು ಕಣ್ಣುಗಳ ಸಂಗತಿ ಇದು. ನಡೆದದ್ದು ನಡೆದ ಹಾಗೆಯೇ ಇದೆ. ಸುಳ್ಳು ಬೆರೆಸುವ ಅವಕಾಶ ಇದ್ದಿದ್ದರೆ ಕೊನೆ ಇನ್ನಷ್ಟು ಚೆಂದವಾಗಿರುತ್ತಿತ್ತು.

ಆ ಕಣ್ಣುಗಳು ಭಾವನವು. ದೋಣಿಯ ಒಡೆಯನ ಅಕ್ಕನನ್ನು ಕಟ್ಟಿಕೊಂಡದ್ದರಿಂದ ಅವನು ಒಡೆಯನಿಗೆ ಭಾವ. ಒಡೆಯ ಕರೆಯುವುದನ್ನು ಕೇಳಿ ಕೇಳಿ ಐಸ್ ಒಡೆಯುವವರು, ಮೀನು ತೂಗುವವರು, ಕೊನೆಗೆ ಅಂಚೆಯವನೂ ಅವನನ್ನು ಭಾವ ಎಂದೇ ಕರೆಯತೊಡಗಿ, ಇಡೀ ಬಂದರಿಗೆ ಅವನು ಭಾವನಾಗಿಬಿಟ್ಟಿದ್ದ. ಅಷ್ಟು ದೊಡ್ಡ ಬಳಗದಲ್ಲಿ ಅವನ ಸ್ವಂತ ಭಾಮೈದ ಮಾತ್ರ ಒಬ್ಬನೇ.

ದೋಣಿಯಲ್ಲಿ ಮೂರೇ ಜನ. ಚುಕ್ಕಾಣಿ ಹಿಡಿಯುವ ಭಾಮೈದ, ಇಂಜಿನ್ ನೋಡಿಕೊಳ್ಳುವ ರೇಡಿಯೋ, ಮೂವತ್ತೊಂದು ವರ್ಷದಿಂದ ಬಲೆ ಎಳೆಯುತ್ತ ಬಂದ ಭಾವ. ರೇಡಿಯೋ ಎಂಬ ಹೆಸರು ಹೆತ್ತವರು ಇಟ್ಟದ್ದಲ್ಲ. ಒಮ್ಮೆ ಕಿವಿಗೆ ಬಿದ್ದ ದನಿ ಅವನ ಗಂಟಲಲ್ಲಿ ಹಾಗೇ ಕೂತುಬಿಡುತ್ತಿತ್ತು: ಹರಾಜು ಕೂಗುವವಳ ಕೀರಲು, ಲಾರಿ ಹಿಂದಕ್ಕೆ ಸರಿಯುವಾಗಿನ ಹಾರ್ನು, ನೆಗಡಿ ಹಿಡಿದ ಬೆಕ್ಕು, ಯಾವುದಾದರೂ ಸರಿ. ಕೇಳಿಸಿಕೊಂಡದ್ದನ್ನು ಕೇಳಿಸಿಕೊಂಡಂತೆ ಹೊರಕ್ಕೆ ಬಿಡುವುದಷ್ಟೇ ಅವನ ಕೆಲಸ. ಅದರ ಅರ್ಥದ ಉಸಾಬರಿಗೆ ಅವನು ಹೋಗುತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ಹೊರಟು, ಕತ್ತಲಾಗುವಷ್ಟರಲ್ಲಿ ಒಂದೂವರೆ ಮೈಲಿ ಉದ್ದದ ಬಲೆಯನ್ನು ನೀರಿಗೆ ಬಿಟ್ಟು, ಅದರ ತುದಿಯ ಹಗ್ಗವನ್ನು ದೋಣಿಯ ಮುಂತುದಿಗೆ ಬಿಗಿದು, ಇಂಜಿನ್ ಆರಿಸಿ, ನೀರು ಕೊಂಡೊಯ್ದತ್ತ ತೇಲುತ್ತ ಇರುವುದು ಅವರ ರೀತಿ. ನಾಲ್ಕು ಗಂಟೆಯ ಜಾವಕ್ಕೆ ಬಲೆ ಎಳೆಯುವವರೆಗೆ ಕೈಗೆ ಕೆಲಸವಿಲ್ಲ, ಕಣ್ಣಿಗೆ ಮಾತ್ರ. ದೊಡ್ಡ ಹಡಗುಗಳು ಅದೇ ನೀರಿನಲ್ಲಿ ಓಡಾಡುತ್ತವೆ, ಅವಕ್ಕೆ ಬಲೆಯೂ ಕಾಣದು, ಬಲೆ ಬಿಟ್ಟವರೂ ಕಾಣರು. ಆದ್ದರಿಂದ ಮುಂತುದಿಯ ಹಲಗೆಯ ಮೇಲೆ ಒಬ್ಬ ಟಾರ್ಚ್ ಹಿಡಿದು ಕಾವಲು ಕೂರಬೇಕು: ಅರ್ಧರಾತ್ರಿಯವರೆಗೆ ರೇಡಿಯೋ, ಆಮೇಲೆ ಭಾವ. ಹಿಂದೆ ಕ್ಯಾಬಿನ್ನಿನಲ್ಲಿ ಭಾಮೈದ. ಅವನಿಗೆ ಪಾಳಿಯಿಲ್ಲ, ರಾತ್ರಿಯಿಡೀ ಅವನದೇ. "ನಾನು ನೀರಿನ ಮೇಲೆ ಕಣ್ಣು ಮುಚ್ಚೋನಲ್ಲ" ಎಂದು ಅವನು ಹೇಳಿದರೆ ಬಂದರಿನಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಕ್ಯಾಬಿನ್ನಿನ ಗೋಡೆಯ ಮೇಲೆ ಒಂದು ಗಡಿಯಾರ. ಕಾಲುಗಂಟೆಗೊಮ್ಮೆ ಅದು "ಟೀಂ" ಎನ್ನಬೇಕು, ಭಾಮೈದ "ಭಾವಾ, ಇದ್ದೀರಾ?" ಎಂದು ಕೂಗಬೇಕು, ಭಾವ "ಇದ್ದೀನಿ" ಎನ್ನಬೇಕು. ಒಂದೇ ಉತ್ತರದಲ್ಲಿ ಎರಡು ಸಮಾಚಾರ: ಮನುಷ್ಯ ನೀರಿಗೆ ಬಿದ್ದಿಲ್ಲ, ನಿದ್ದೆಗೂ ಬಿದ್ದಿಲ್ಲ.

ಮೊದಲನೆಯ ಸಮಾಚಾರ ಯಾವಾಗಲೂ ನಿಜವೇ. ಎರಡನೆಯದಕ್ಕೆ ತೊಂದರೆ ಬಂದದ್ದು ಭಾವನಿಗೆ ಐವತ್ತೈದು ದಾಟಿದ ಮೇಲೆ.

ವಿಚಿತ್ರವೆಂದರೆ ಮನೆಯಲ್ಲಿ ಅವನಿಗೆ ನಿದ್ದೆಯೇ ಬರುತ್ತಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಮನೆ ಸೇರಿ, ಕಿಟಕಿಗೆ ಕಂಬಳಿ ಕಟ್ಟಿ ಮಲಗಿದರೆ ಪಕ್ಕದ ಮನೆಯ ಹೊಲಿಗೆ ಯಂತ್ರ, ಬೀದಿಯ ಸ್ಕೂಟರು, ಕೊನೆಗೆ ತನ್ನದೇ ಎದೆಬಡಿತ, ಒಂದೊಂದೂ ಸರದಿಯಲ್ಲಿ ನಿಂತು ಅವನನ್ನು ಎಬ್ಬಿಸುತ್ತಿದ್ದವು. ಹಾಸಿಗೆಯ ಮೇಲೆ ಗೂಬೆಯ ಹಾಗೆ ಕಣ್ಣು ಬಿಟ್ಟುಕೊಂಡಿರುತ್ತಿದ್ದ ಮನುಷ್ಯ, ಎಚ್ಚರವಿರಲೇಬೇಕಾದ ಹಲಗೆಯ ಮೇಲೆ ಕೂತ ಹತ್ತು ನಿಮಿಷಕ್ಕೆ ತೂಕಡಿಸತೊಡಗುತ್ತಿದ್ದ.

"ಹಾಸಿಗೇನ ದೋಣಿಗೆ ಹಾಕಿ, ದೋಣಿ ಹಲಗೇನ ಮನೆಗೆ ತಂದ್ರೆ ಸರಿಹೋಗುತ್ತೇನೋ" ಎಂದಳು ಹೆಂಡತಿ. ಅವಳು ತಮಾಷೆಗೆ ಹೇಳಿದ್ದಳು. ಅವನು ಒಂದು ಮಧ್ಯಾಹ್ನ ನಿಜವಾಗಿಯೂ ಬರಿಯ ಹಲಗೆಯ ಮೇಲೆ ಮಲಗಿ ನೋಡಿದ. ಬೆನ್ನು ಹಿಡಿದುಕೊಂಡಿತು, ನಿದ್ದೆ ಹಿಡಿಯಲಿಲ್ಲ.

ಡಾಕ್ಟರ ಹತ್ತಿರವೂ ಹೋದ. ಅವರು ಕಣ್ಣೆವೆ ಎತ್ತಿ, ನಾಲಿಗೆ ನೋಡಿ, ಕೈಮೇಲೆ ಕೈಯಿಟ್ಟು ಹೇಳಿದರು: "ಏನೂ ಇಲ್ಲ. ರಾತ್ರಿ ಹೊತ್ತು ಚೆನ್ನಾಗಿ ನಿದ್ದೆ ಮಾಡಿ."

"ರಾತ್ರಿ ನಿದ್ದೆ ಮಾಡದೇ ಇರೋಕೆ ಔಷಧಿ ಕೇಳೋಕೆ ಬಂದೆ, ಡಾಕ್ಟ್ರೇ."

"ಅದು ಕಾಯಿಲೆ ಅಲ್ಲವಲ್ಲ, ಮತ್ತೆ ಔಷಧಿ ಎಲ್ಲಿಂದ ಬರುತ್ತೆ?" ಎಂದು ಅವರು ಮುಂದಿನವರನ್ನು ಕರೆದರು.

ಆಮೇಲೆ ಮನೆಮದ್ದು. ಸಕ್ಕರೆಯಿಲ್ಲದ ಕಾಫಿ ಲೋಟ ಲೋಟ ಕುಡಿದ. ಎರಡು ಸಲ ಹೆಚ್ಚಿಗೆ ಬದಿಗೆ ಹೋಗಿ ನಿಂತದ್ದೇ ಲಾಭ. ಹಸಿಮೆಣಸಿನಕಾಯಿ ಕಚ್ಚಿ ಕೂತ. ಕಣ್ಣಲ್ಲಿ ನೀರು ಬಂತು, ನೀರಿನ ಹಿಂದೆ ನಿದ್ದೆಯೂ ಬಂತು. ಮುಷ್ಟಿಯಲ್ಲಿ ಸ್ಪ್ಯಾನರ್ ಹಿಡಿದ, ಜೋಂಪು ಹತ್ತಿದರೆ ಕೈ ಸಡಿಲಾಗಿ ಅದು ಬಿದ್ದು ಸದ್ದಾಗಲಿ ಎಂದು. ಮೊದಲ ದಿನ ಕಾಲ್ಬೆರಳ ಮೇಲೆ ಬಿತ್ತು. ಎರಡನೆಯ ದಿನ ಸಮುದ್ರಕ್ಕೆ ಬಿತ್ತು. ಮೂರನೆಯ ದಿನದಿಂದ ಕೈ ಅದನ್ನು ಬಿಡದೆ ಹಿಡಿದುಕೊಂಡೇ ಮಲಗಲು ಕಲಿತುಕೊಂಡಿತು. ಕಿವಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿಕೊಂಡ, ನಿಂತೇ ಇದ್ದ, ನಿಂತೇ ಮಲಗಿದ. ತೂಕಡಿಕೆ ಎಂಬ ಮಾತಿನಲ್ಲಿ ತೂಕ ಏಕಿದೆಯೆಂದು ಅವನಿಗೆ ಆಗ ತಿಳಿಯಿತು. ಎರಡು ರೆಪ್ಪೆಗಳ ಮೇಲೆ ಯಾರೋ ಐಸಿನ ದಿಮ್ಮಿ ಇಟ್ಟ ಹಾಗಾಗುತ್ತಿತ್ತು, ಎತ್ತಿದಷ್ಟೂ ಇಳಿಯುತ್ತಿತ್ತು.

ಆದರೂ ಸಿಕ್ಕಿಬಿದ್ದಿರಲಿಲ್ಲ. ಕಾಲುಗಂಟೆಗೊಮ್ಮೆ ಕರೆ ಬರುತ್ತಿತ್ತು, ಕಾಲುಗಂಟೆಗೊಮ್ಮೆ ಉತ್ತರ ಹೋಗುತ್ತಿತ್ತು. ಮೂವತ್ತೊಂದು ವರ್ಷ ಒಂದೇ ಮಾತು ಹೇಳಿದ ಬಾಯಿ ಯಜಮಾನನ ಅಪ್ಪಣೆಗೆ ಕಾಯುವುದನ್ನು ಬಿಟ್ಟಿತ್ತು. ಭಾವ ಮಲಗಿದರೂ ಬಾಯಿ ಪಾಳಿಯಲ್ಲಿರುತ್ತಿತ್ತು.

ಇದನ್ನು ಕಂಡುಹಿಡಿದವನು ರೇಡಿಯೋ. ಒಂದು ರಾತ್ರಿ ಮೂರರ ಸುಮಾರಿಗೆ ಮೂತ್ರಕ್ಕೆಂದು ಮೇಲೆ ಬಂದವನಿಗೆ, ಹಿಂದಿನಿಂದ ಭಾಮೈದನ ಕರೆಯೂ ಮುಂದಿನಿಂದ ಭಾವನ ಉತ್ತರವೂ ಕೇಳಿಸಿದವು. ಉತ್ತರದ ಬಾಲ ಹಿಡಿದು ಬಂದ ಗೊರಕೆಯೂ ಕೇಳಿಸಿತು. ಅವನು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ, ಭಾವನ ಕಿವಿಯ ಬಳಿ ಕೂತು, ಥೇಟ್ ಭಾಮೈದನ ಗಂಟಲಲ್ಲಿ ಪಿಸುಗುಟ್ಟಿದ: "ಭಾವಾ, ಹಡಗು ಬಂತಾ?"

"ಇದ್ದೀನಿ."

"ಊಟ ಆಯ್ತಾ?"

"ಇದ್ದೀನಿ."

"ಭಾವಾ, ಸತ್ತಿದ್ದೀರಾ?"

"ಇದ್ದೀನಿ, ಇದ್ದೀನಿ."

ಬೆಳಗಿನ ಜಾವ ಬಲೆ ಎಳೆಯುವಾಗ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ರೇಡಿಯೋನಿಂದ ಆಗಲಿಲ್ಲ. "ನಮ್ಮ ಭಾವ 'ಇದ್ದೆ' ಅಂತಾರೋ 'ನಿದ್ದೆ' ಅಂತಾರೋ, ಸ್ವಲ್ಪ ಗಮನ ಇಟ್ಟು ಕೇಳಿ ಅಣ್ಣ" ಎಂದು ಶುರುಮಾಡಿ, ಭಾವನ ಪಾತ್ರವನ್ನು ಪೂರ್ತಿ ಆಡಿ ತೋರಿಸಿದ. ಅವನಿಗೆ ಬೇಕಾಗಿದ್ದದ್ದು ಒಂದು ನಗು.

ಭಾಮೈದ ನಗಲಿಲ್ಲ. ಹಗ್ಗ ಎಳೆಯುವುದನ್ನು ನಿಲ್ಲಿಸಿ ನಿಂತ.

"ಭಾವ, ಇದು ನಗೋ ವಿಷಯ ಅಲ್ಲ. ಮೂರು ಜನರ ಜೀವ ನಿಮ್ಮ ಕಣ್ಣಲ್ಲಿದೆ. ಇನ್ನೊಂದು ಸಲ ಹೀಗಾದ್ರೆ ನೀವು ದಡದಲ್ಲೇ ಇರಿ. ಶೆಡ್ಡಲ್ಲಿ ಕೂತು ಹರಿದ ಬಲೆ ಹೊಲೀರಿ."

"ಇನ್ನಾಗಲ್ಲಪ್ಪಾ" ಎಂದ ಭಾವ. ದಡ ಸೇರಿದರೆ ಸಾಕು ಎಂದು ಲೋಕವೆಲ್ಲ ಹಂಬಲಿಸುವಾಗ, ದಡ ಎಂಬ ಮಾತಿಗೆ ಅವನೊಬ್ಬ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಆ ಶೆಡ್ಡು ಅವನಿಗೆ ಗೊತ್ತು. ಮೊಣಕಾಲು ಹೋದವರು, ಕೈ ನಡುಗುವವರು ಸಾಲಾಗಿ ಗೋಡೆಗೆ ಒರಗಿ, ಹೊರಡುವ ದೋಣಿಗಳನ್ನು ಎಣಿಸುತ್ತ ಕೂರುವ ಜಾಗ ಅದು. ಒಮ್ಮೆ ಅಲ್ಲಿ ಕೂತವನು ಮತ್ತೆ ದೋಣಿ ಹತ್ತಿದ್ದನ್ನು ಅವನು ಕಂಡಿರಲಿಲ್ಲ.

ಆವತ್ತು ಸಂಜೆ ಮತ್ತೆ ಹೊರಟರು. ಹೆದರಿಕೆ ಮಾಡುವ ಕೆಲಸವನ್ನು ಕಾಫಿ ಮಾಡಲಾರದು. ಅರ್ಧರಾತ್ರಿಗೆ ಕಾವಲಿಗೆ ಕೂತ ಭಾವನ ಕಣ್ಣುಗಳು ಹೊಸ ಬಲ್ಬುಗಳಂತೆ ಉರಿಯುತ್ತಿದ್ದವು. ಒಂದು ಗಂಟೆಯಾಯಿತು, ಎರಡಾಯಿತು, ಆಕಳಿಕೆಯೂ ಇಲ್ಲ, ಆಕಳಿಕೆಯ ಕರುವೂ ಇಲ್ಲ. "ಭಾವಾ, ಇದ್ದೀರಾ?" ಎಂಬ ಪ್ರತಿ ಕೂಗಿಗೂ ಅವನು ಎದೆಯುಬ್ಬಿಸಿ, ಅಕ್ಷರ ಅಕ್ಷರ ಬಿಡಿಸಿ, "ಇ-ದ್ದೀ-ನಿ!" ಎಂದ.

ಎರಡೂ ಮುಕ್ಕಾಲರ ಹೊತ್ತಿಗೆ ಬೆಳಕು ಕಂಡಿತು. ಮೊದಲು ಬಿಳಿ, ಆಮೇಲೆ ಅದರ ಕೆಳಗೆ ಒಂದು ಕೆಂಪು, ಒಂದು ಹಸಿರು. ಹಡಗಿನ ಎಡಮಗ್ಗುಲಿಗೆ ಕೆಂಪು ದೀಪ, ಬಲಮಗ್ಗುಲಿಗೆ ಹಸಿರು. ಒಂದೇ ಕಂಡರೆ ಅದು ಪಕ್ಕಕ್ಕೆ ಹೋಗುತ್ತಿದೆ, ಎರಡೂ ಒಟ್ಟಿಗೆ ಕಂಡರೆ ಮೂತಿ ನಮ್ಮ ಕಡೆಗೇ ಇದೆ.

"ಹಡಗು! ನೇರ ಬರ್ತಿದೆ! ಇಂಜಿನ್ ಹಾಕಪ್ಪಾ!" ಎಂದು ಭಾವ ಕೂಗಿದ.

ಸದ್ದಿಲ್ಲ. ಮತ್ತೆ ಕೂಗಿದ. ಆಗ ಕ್ಯಾಬಿನ್ನಿನೊಳಗೆ ಗಡಿಯಾರ "ಟೀಂ" ಎಂದಿತು; ಅದರ ಹಿಂದೆಯೇ ಶಾಂತವಾಗಿ ಬಂತು: "ಭಾವಾ, ಇದ್ದೀರಾ?"

ಇದೇನು ಕೀಟಲೆ ಎಂದು ಭಾವ ಹಿಂದಕ್ಕೆ ಓಡಿದ. ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಟಾರ್ಚ್ ಹಾಯಿಸಿದ. ಭಾಮೈದ ಚುಕ್ಕಾಣಿಯ ಮೇಲೆ ಎರಡೂ ಕೈ ಇಟ್ಟು, ನೆಟ್ಟಗೆ ಕೂತು, ಗದ್ದವನ್ನು ಎದೆಗೆ ಊರಿ ಮಲಗಿದ್ದ. ಕರೆದಾದ ಮೇಲೆ ಅವನ ತುಟಿಗಳು, ಹಾಲು ಸಿಕ್ಕ ಮಗುವಿನಂತೆ, "ಚಪ್, ಚಪ್" ಎಂದು ಎರಡು ಸಲ ಚಪ್ಪರಿಸಿಕೊಂಡವು. ಉತ್ತರ ಬಂತೋ ಇಲ್ಲವೋ ಎಂದು ಕೇಳಿಸಿಕೊಳ್ಳಲು ಒಳಗೆ ಯಾರೂ ಇರಲಿಲ್ಲ.

ಹಾಗಾದರೆ ಎಷ್ಟು ದಿನದಿಂದ? ಎಷ್ಟು ತಿಂಗಳಿಂದ? ಗಡಿಯಾರ ಅವನ ಬಾಯನ್ನು ತಟ್ಟುತ್ತಿತ್ತು, ಅವನ ಬಾಯಿ ಇವನ ಬಾಯನ್ನು ತಟ್ಟುತ್ತಿತ್ತು. ನಡುವೆ ಮೂವರಿಗೂ ಗಾಢ ನಿದ್ದೆ. ನೂರಾರು ರಾತ್ರಿ ಆ ದೋಣಿಯಲ್ಲಿ ಎಚ್ಚರವಾಗಿದ್ದದ್ದು ಗೋಡೆಯ ಮೇಲಿನ ಆ ಗಡಿಯಾರವೊಂದೇ.

"ಏಳೋ! ಏಳಪ್ಪಾ! ಹಡಗು!" ಭುಜ ಹಿಡಿದು ಅಲುಗಾಡಿಸಿದ, ಕೆನ್ನೆಗೆ ಹೊಡೆದ. ರಾತ್ರಿಯಿಡೀ ನನ್ನದೇ ಎಂದು ವರ್ಷಗಟ್ಟಲೆ ನಿದ್ದೆಗೆ ಬಾಕಿ ಉಳಿಸಿಕೊಂಡವನ ದೇಹ, ಒದ್ದೆ ಮೂಟೆಯಂತೆ ಆ ಕಡೆಯಿಂದ ಈ ಕಡೆಗೆ ವಾಲಿತು. ಭಾವ ತಾನೇ ಇಂಜಿನ್ನಿನ ಗುಂಡಿ ಒತ್ತಿದ. ಅದು ಕೆಮ್ಮಿತು, ಮತ್ತೆ ಕೆಮ್ಮಿತು, ಸುಮ್ಮನಾಯಿತು. ಅದರ ಮರ್ಜಿ ಗೊತ್ತಿದ್ದವನು ರೇಡಿಯೋ ಒಬ್ಬನೇ, ಅವನು ಕಾಲಡಿಯ ಹಲಗೆಗಳ ಕೆಳಗೆ, ಇಂಜಿನ್ನಿನ ಪಕ್ಕ ಮಲಗಿದ್ದ. ಭಾವ ಹಲಗೆಯನ್ನು ಕಾಲಿಂದ ಗುದ್ದಿದ, ಟಾರ್ಚ್ ಎತ್ತಿ ಹಡಗಿನ ಕಡೆಗೆ ಬೀಸಿದ. ಮನೆಯ ದೇವರೆಲ್ಲ ಮರೆತುಹೋಗಿ, "ಇದ್ದೀವಿ! ಇಲ್ಲಿದ್ದೀವಿ!" ಎಂಬುದೊಂದೇ ಅವನ ಬಾಯಿಗೆ ಬಂತು.

ಅಷ್ಟೆತ್ತರದ ಕಬ್ಬಿಣದ ಗೋಡೆಗೆ ಅದು ಕೇಳುವಂತಿರಲಿಲ್ಲ. ಅದರ ತುದಿಯ ಕೋಣೆಯಲ್ಲಿಯೂ ಯಾರೋ ಯಾರನ್ನೋ ಇದ್ದೀಯಾ ಎಂದು ನಿದ್ದೆಯಲ್ಲಿ ಕೇಳುತ್ತಿದ್ದರೋ ಏನೋ. ದೀಪಗಳು ದೊಡ್ಡವಾದವು, ಇಂಜಿನ್ನಿನ ದಡಬಡ ಹೊಟ್ಟೆಯೊಳಗೆ ಕೇಳಿಸತೊಡಗಿತು. ಹಸಿರು ದೀಪ ಮರೆಯಾಗಿ ಕೆಂಪು ಮಾತ್ರ ಉಳಿದಾಗಲೇ ಭಾವ ಉಸಿರು ಬಿಟ್ಟದ್ದು. ಹಡಗು ಕೂಗಳತೆಯ ದೂರದಲ್ಲಿ, ಬಲೆಯನ್ನು ದಾರದಂತೆ ಕತ್ತರಿಸಿಕೊಂಡು, ಹಿಂದಿರುಗಿ ನೋಡದೆ ಹೋಯಿತು.

ಅದು ಎಬ್ಬಿಸಿದ ಅಲೆ ಬಂದು ದೋಣಿಯನ್ನು ಎತ್ತಿ ಕುಕ್ಕಿದಾಗ ಭಾಮೈದ ಕುರ್ಚಿಯಿಂದ ಕೆಳಗೆ ಬಿದ್ದ. ಎದ್ದ. ಹೋಗುತ್ತಿದ್ದ ಹಡಗು ನೋಡಿದ. ಮುಂತುದಿಯಲ್ಲಿ ಕಾವಲಿನ ಹಲಗೆ ಖಾಲಿ ಇರುವುದನ್ನು ನೋಡಿದ. ಆಮೇಲೆ, ಪಕ್ಕದಲ್ಲೇ ನಿಂತಿದ್ದವನ ಮುಖ ನೋಡಿ ಹೇಳಿದ:

"ಭಾವಾ! ಮತ್ತೆ ನಿದ್ದೆ ಮಾಡಿದ್ರಾ?"

"ನಾನಾ? ನಾನು ಎಚ್ಚರ ಇದ್ದೆ ಮಾರಾಯಾ! ನೀನು ಮಲಗಿದ್ದೆ!"

"ನಾನು ಮಲಗಿದ್ನಾ? ಈಗ ತಾನೇ ನಿಮ್ಮನ್ನ ಕರೆದೆನಲ್ಲ!"

"ಕರೆದೆ. ನಿದ್ದೇಲೇ ಕರೆದೆ!"

"ನಿದ್ದೇಲಿ ಮಾತಾಡೋರು ಯಾರು ಅಂತ ನಿನ್ನೆ ತಾನೇ ಗೊತ್ತಾಯ್ತಲ್ಲ ಭಾವ."

ಹಣೆಯ ಬುಗುಟು ಸವರಿಕೊಳ್ಳುತ್ತ ಕೆಳಗಿನಿಂದ ಮೇಲೆ ಬಂದ ರೇಡಿಯೋಗೆ ಕೇಳಿಸಿದ್ದು ಈ ಕೊನೆಯ ಮಾತಷ್ಟೇ. ಅವನು ತುಂಡಾದ ಹಗ್ಗವನ್ನು ಟಾರ್ಚ್ ಬೆಳಕಿನಲ್ಲಿ ನೋಡಿ, "ಬಲೆ ಹೋಯ್ತು, ಭಲೇ ಭಾವ!" ಎಂದ. ಹೇಳಿದ ಮೇಲೆ ಅವನಿಗೇ ಪಿಚ್ಚೆನಿಸಿತು. ಆದರೆ ಶ್ಲೇಷೆ ಬಾಯಿಂದ ಹೊರಬಿದ್ದಾಗಿತ್ತು.

ಭಾಮೈದ ಸುಳ್ಳು ಹೇಳುತ್ತಿರಲಿಲ್ಲ. ಭಾವನನ್ನು ಕೊಂದದ್ದು ಅದೇ. ಮಲಗಿದ್ದವನಿಗೆ ತಾನು ಮಲಗಿದ್ದು ಗೊತ್ತಿರುವುದಿಲ್ಲ, ಕೂಗಿದ್ದು ಮಾತ್ರ ನೆನಪಿರುತ್ತದೆ. ತಾನೂ ಎಷ್ಟೋ ಬೆಳಗ್ಗೆ ಇಷ್ಟೇ ಪ್ರಾಮಾಣಿಕವಾಗಿ "ಕಣ್ಣು ಮಿಟುಕಿಸಿಲ್ಲ" ಎಂದಿದ್ದನಲ್ಲ!

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಗಂಡನ ಮುಖ ನೋಡಿದಳು, ತಮ್ಮನನ್ನು ನೆನೆದಳು, ಯಾರ ಕಡೆಗೂ ವಾಲದ ದನಿಯಲ್ಲಿ ಕೇಳಿದಳು: "ನಿಮಗೆ ಅದು ಕನಸಲ್ಲಿ ಬಿದ್ದಿಲ್ಲ ತಾನೇ?"

"ಇಲ್ಲ ಕಣೇ."

"ಎಚ್ಚರ ಇದ್ದ ಹಾಗೇ ಕನಸು ಬೀಳುತ್ತೆ ಒಂದೊಂದ್ಸಲ."

ಆ ಹಗಲು ಹಾಸಿಗೆಯ ಮೇಲೆ ಬಿದ್ದುಕೊಂಡು ಅವನು ಆ ರಾತ್ರಿಯನ್ನು ತಿರುಗಾ ಮುರುಗಾ ನೋಡಿದ. ಕೆಂಪು, ಹಸಿರು, ಕುರ್ಚಿಯಲ್ಲಿ ನೆಟ್ಟಗೆ ಕೂತ ಭಾಮೈದ, ಆ ಚಪ್ಪರಿಕೆ. ಎಷ್ಟು ನೋಡಿದರೂ ಅದರ ಅಂಚು ಕರಗುತ್ತ ಹೋಯಿತು. ಐವತ್ತೈದು ದಾಟಿದ ಮೇಲೆ ಒಂದೇ ಒಂದು ರಾತ್ರಿ ಪೂರ್ತಿ ಎಚ್ಚರವಿದ್ದೆ ಎಂದು ಹೇಳಲು ಅವನ ಬಳಿ ಸಾಕ್ಷಿಯಿರಲಿಲ್ಲ. ಸಂಜೆಯ ಹೊತ್ತಿಗೆ ಅವನೇ ತನ್ನ ಪರವಾಗಿ ನಿಲ್ಲಲು ಅನುಮಾನಿಸತೊಡಗಿದ್ದ.

ನಾಲ್ಕನೆಯ ದಿನಕ್ಕೆ ಉಳಿದ ಬಲೆಗೆ ಹೊಸ ತುಂಡು ಸೇರಿಸಿ ದೋಣಿ ಹೊರಡಲು ಸಿದ್ಧವಾಯಿತು. ಭಾವ ಶೆಡ್ಡಿನ ಗೋಡೆಗೆ ಒರಗಿ, ಮೊಣಕಾಲ ಮೇಲೆ ಬಲೆ ಹರಡಿಕೊಂಡು ಕೂತಿದ್ದ. ಅವನ ಹಲಗೆಗೆ ಬಂದಿದ್ದವನು ಐಸ್ ಒಡೆಯುವವ. ಇಪ್ಪತ್ತು ವರ್ಷ ಐಸಿನ ಜೊತೆ ಇದ್ದವನಿಗೆ ನಿದ್ದೆ ಎಲ್ಲಿಂದ ಬರಬೇಕು ಎಂದು ಭಾಮೈದ ಲೆಕ್ಕ ಹಾಕಿದ್ದ.

"ಏನಿಲ್ಲಪ್ಪಾ, ನಾನು ಕೂಗ್ತೀನಿ, ನೀನು ಉತ್ತರ ಕೊಡ್ತೀಯ. ಅಷ್ಟೇ ಕೆಲಸ" ಎಂದು ಭಾಮೈದ ಅವನಿಗೆ ಹೇಳುತ್ತಿದ್ದ.

"ಹೇಗೆ ಉತ್ತರ ಕೊಡಬಾರದು ಅಂತ ನಾನು ಹೇಳಿಕೊಡ್ತೀನಿ!" ಎಂದು ರೇಡಿಯೋ ಐಸಿನ ಪೆಟ್ಟಿಗೆಯ ಮೇಲೆ ಹತ್ತಿದ. ತೂಗುವವರು ತಕ್ಕಡಿ ಬಿಟ್ಟು ಬಂದರು. ಹರಾಜು ಕೂಗುವವಳು ಬುಟ್ಟಿ ಮಗುಚಿ ಕೂತಳು. "ಎರಡೂ ಪಾತ್ರ ಮಾಡಬೇಕು ಮತ್ತೆ!" ಎಂದು ಯಾರೋ ಕೂಗಿದರು.

"ಆಯ್ತು. ನಾನು ಮೂತ್ರಕ್ಕೆ ಎದ್ದ ರಾತ್ರಿ ಏನೇನು ಕೇಳಿಸ್ತೋ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ."

ರೇಡಿಯೋ ಕಣ್ಣು ಮುಚ್ಚಿದ. ಮೊದಲು ಗಡಿಯಾರ: "ಟೀಂ." ಆಮೇಲೆ ಭಾಮೈದನ ದನಿ, ದಪ್ಪಗೆ, ಕೊನೆಯಲ್ಲಿ ಸ್ವಲ್ಪ ಎಳೆದು: "ಭಾವಾ, ಇದ್ದೀ...ರಾ?" ಅದರ ಹಿಂದೆಯೇ, ಎರಡು ಸಲ, ಮೆತ್ತಗೆ, "ಚಪ್, ಚಪ್." ಆಮೇಲೆ ಗೊರಕೆಯೊಳಗಿನಿಂದ ಭಾವ: "ಇದ್ದೀನಿ."

ಜನ ಬಿದ್ದು ಬಿದ್ದು ನಕ್ಕರು. ಭಾಮೈದನೂ ನಕ್ಕ, ನಾಲ್ಕು ದಿನದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಭಾವನ ಕೈಯ ಸೂಜಿ ನಿಂತಿತು. ಕನಸಲ್ಲ. ರೇಡಿಯೋನೂ ಕೇಳಿದ್ದಾನೆ; ಏನು ಕೇಳಿದ್ದೇನೆಂದು ತಿಳಿಯದೆ ಕೇಳಿದ್ದಾನೆ. ಭಾಮೈದ ಆ ರಾತ್ರಿಯೂ ಮಲಗಿದ್ದ, ಮರುರಾತ್ರಿಯೂ ಮಲಗಿದ್ದ, ಇವತ್ತೂ ಮಲಗುತ್ತಾನೆ.

"ಏಯ್, ನಿಲ್ಲಿಸು! ಆ ಚಪ್ ಚಪ್ ಯಾಕೆ ಹಾಕಿದೆ?" ಎಂದು ಭಾವ ಎದ್ದು ನಿಂತ.

"ಕೇಳಿಸ್ತು, ಹಾಕಿದೆ. ಯಾಕೆ ಭಾವ?"

"ಅದು ನಿದ್ದೆ ಮಾಡೋರ ಚಪ್ಪರಿಕೆ ಕಣೋ! ಕರೆದವನೂ ಮಲಗೇ ಇದ್ದ! ಕೇಳಿ, ಎಲ್ಲರೂ ಕೇಳಿ, ಇವನು ಮಲಗಿಕೊಂಡೇ ಕೂಗ್ತಾನೆ!"

ಜನ ಇನ್ನೂ ಜೋರಾಗಿ ನಕ್ಕರು. ಮಲಗಿದವನು ಮಲಗಿದವನ ಮೇಲೆ ದೂರು ಕೊಡುತ್ತಾನೆ ಎಂದು ತೂಗುವವನು ಹೊಟ್ಟೆ ಹಿಡಿದುಕೊಂಡ. "ಭಾವಾ, ಸಾಕು, ನೋವಾಗ್ತಿದೆ" ಎಂದು ಭಾಮೈದ ಕಣ್ಣೊರಸಿಕೊಂಡ. ಆ ಕಣ್ಣುಗಳ ಸುತ್ತ ಬೂದಿ ಬಳಿದ ಹಾಗೆ ಕಪ್ಪು ಕಟ್ಟಿತ್ತು. ನಗುತ್ತಿರುವಾಗಲೇ ರೆಪ್ಪೆಗಳು ಅರ್ಧ ಇಳಿದಿದ್ದವು.

"ನೀನು ಹೋಗ್ಬೇಡಪ್ಪಾ ಇವತ್ತು. ನಿನ್ನ ಅಕ್ಕನ ಮುಖ ನೋಡಿ ಹೇಳ್ತಿದೀನಿ."

"ಆಯ್ತು ಭಾವ, ನಿದ್ದೆ ಬಂದ್ರೆ ನಿಮ್ಮನ್ನೇ ಕೂಗ್ತೀನಿ" ಎಂದು ಅವನು ದೋಣಿಗೆ ಹಾರಿದ. ಐಸ್ ಒಡೆಯುವವ ಹಲಗೆಯ ಮೇಲೆ ಕೂತು, ಕೂತ ರಭಸಕ್ಕೆ ಬಾಯಗಲಿಸಿ ಆಕಳಿಸಿದ.

ಹೇಳಲು ಭಾವ ಮತ್ತೆ ಬಾಯಿ ತೆರೆದ. ಮಾತಿನ ಬದಲು ಹೊರಟದ್ದು ನಗು. ತಡೆಯಲು ನೋಡಿದ, ಆಗಲಿಲ್ಲ. ಹೊಟ್ಟೆಯ ಬುಡದಿಂದ ಎದ್ದು ಎದ್ದು ಬಂತು. ಕಾಲಿಗೆ ಬಲೆ ಸುತ್ತಿಕೊಂಡು, ಗೋಡೆ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ ನಕ್ಕ. ಜನರ ನಗು ಒಂದೊಂದಾಗಿ ಆರಿತು, ಅವರು ತಕ್ಕಡಿಗೆ, ಬುಟ್ಟಿಗೆ ಹಿಂತಿರುಗಿದರು. ಇಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಅದರ ಸದ್ದನ್ನೂ ಮೀರಿ ಭಾವ ನಗುತ್ತಲೇ ಇದ್ದ.